ಚೊಂಬಿಗೆ ಮನಸೋತ ಕುರ್ಚಿ ಮಾಂತ್ರಿಕ

ಕುರ್ಚಿ ಮಾಡುವವರಿಗೆ ಚೊಂಬಿನಲ್ಲೇನು ಕೆಲಸ? ಹೀಗೆ ಯಾರಾದರೂ ಕೇಳಿದರೆ ತಪ್ಪೇನಿಲ್ಲ. ಆದರೆ ಅಮೆರಿಕದ ಹೆಸರಾಂತ ಕುರ್ಚಿ ವಿನ್ಯಾಸಕ ಚಾರ್ಲ್ಸ್ ಈಮ್ಸ್ ಮತ್ತು ಅವರ ಪತ್ನಿ ರೇ ಈಮ್ಸ್ 1957ರ ಕೊನೆಯಲ್ಲಿ ಭಾರತಕ್ಕೆ ಬಂದರು, ಸುಮಾರು ಮೂರು ತಿಂಗಳು ದೇಶ ಸುತ್ತಿದರು, ಹಿಂದಿರುಗಿ 1958ರ ಏಪ್ರಿಲ್‌ನಲ್ಲಿ ಸರ್ಕಾರಕ್ಕೆ ಒಂದು ಪುಟ್ಟ ವರದಿ ಕೊಟ್ಟರು. ಈ ದೇಶದಲ್ಲಿ ತಾವು ಕಂಡು ಮೆಚ್ಚಿದ ವಸ್ತುಗಳಲ್ಲೆಲ್ಲ ಅತ್ಯಂತ ಸುಂದರವಾದದ್ದು, ಬಹುಶಃ ಅತ್ಯಂತ ಶ್ರೇಷ್ಠವಾದದ್ದು ಯಾವುದೆಂದು ಅದರಲ್ಲಿ ಬರೆದಿದ್ದರು. ತಾಜಮಹಲ್ ಅಲ್ಲ, ಬನಾರಸಿನ ರೇಷ್ಮೆಯಲ್ಲ, ಚೋಳರ ಕಂಚಿನ ನಟರಾಜನೂ ಅಲ್ಲ. ಅದು ಚೊಂಬು!

ವರದಿಯಲ್ಲಿರುವ ಪದ ‘ಲೋಟಾ’. ನಮ್ಮ ಓದುಗರು ಇಲ್ಲಿ ಸ್ವಲ್ಪ ಎಚ್ಚರದಿಂದಿರಬೇಕು. ಕನ್ನಡದಲ್ಲಿ ಲೋಟ ಎಂದರೆ ಕಾಫಿ ಕುಡಿಯುವ ನೆಟ್ಟನೆಯ ಪಾತ್ರೆ. ಹಿಂದಿಯವರ ಲೋಟಾ ಹಾಗಲ್ಲ. ಹೊಟ್ಟೆ ದುಂಡಗಿದ್ದು, ಕುತ್ತಿಗೆ ಸಣ್ಣದಾಗಿ, ಬಾಯಂಚು ಹೊರಕ್ಕೆ ಮಡಿಚಿಕೊಂಡಿರುವ ಅದು ನಮ್ಮ ಹಳೆ ಮೈಸೂರಿನ ಚೊಂಬು, ಹುಬ್ಬಳ್ಳಿ-ಧಾರವಾಡದ ಕಡೆಯ ತಂಬಿಗೆ ಅಥವಾ ಚರಿಗೆ. ‘ಚೆಂಬು’ ಎಂದರೆ ಮೂಲದಲ್ಲಿ ತಾಮ್ರ. ಲೋಹದ ಹೆಸರೇ ಪಾತ್ರೆಗೆ ಅಂಟಿಕೊಂಡಿತು. ನಾವೋ, ಅದೇ ಹೆಸರನ್ನು ಬೈಗುಳಕ್ಕೂ ಹಚ್ಚಿದ್ದೇವೆ. ಕೈಗೇನೂ ದಕ್ಕದಿದ್ದರೆ ‘ಚೊಂಬು ಸಿಕ್ಕಿತು’ ಎನ್ನುತ್ತೇವೆ. 2024ರ ಲೋಕಸಭಾ ಚುನಾವಣೆಯ ಹೊತ್ತಿನಲ್ಲಂತೂ ಖಾಲಿ ಚೊಂಬಿನ ಚಿತ್ರ ಪತ್ರಿಕೆಗಳಲ್ಲಿ ಜಾಹೀರಾತಾಗಿ ಬಂದು, ರಾಜ್ಯದ ತುಂಬ ಅದರದೇ ಮಾತಾಯಿತು. ಒಂದೂ ಅಕ್ಷರ ಓದದೆ ಎಲ್ಲರಿಗೂ ಅರ್ಥವಾಗುವ ಚಿತ್ರ ಅದು.

ಇಂಥ ಪಾತ್ರೆಯನ್ನು ಕಂಡು ಬೆರಗಾದ ಈ ದಂಪತಿ ಸಾಮಾನ್ಯರಲ್ಲ. ಚಾರ್ಲ್ಸ್ ಕಟ್ಟಡಶಿಲ್ಪ ಕಲಿತವರು, ರೇ ಚಿತ್ರಕಲಾವಿದೆ. 1941ರಲ್ಲಿ ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಬಂದವರೇ ಪ್ಲೈವುಡ್ಡನ್ನು ಬಗ್ಗಿಸುವ ಪ್ರಯೋಗಕ್ಕೆ ಇಳಿದರು. ತೆಳು ಮರದ ಹಾಳೆಗಳನ್ನು ಅಂಟು ಹಚ್ಚಿ ಒಂದರ ಮೇಲೊಂದು ಇಟ್ಟು, ಶಾಖ ಕೊಟ್ಟು, ಅಚ್ಚಿನಲ್ಲಿ ಒತ್ತುವುದು ಅವರ ವಿಧಾನ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆಗೆ ಇದೇ ವಿಧಾನದಿಂದ, ಮುರಿದ ಕಾಲಿಗೆ ಕಟ್ಟುವ ದಬ್ಬೆಗಳನ್ನು ಮಾಡಿಕೊಟ್ಟರು. ಸುಮಾರು 1,50,000 ದಬ್ಬೆಗಳು ತಯಾರಾದವು. ಯುದ್ಧ ಮುಗಿದ ಮೇಲೆ ಕಾಲಿಗೆ ಬಗ್ಗಿದ ಮರ ಬೆನ್ನಿಗೂ ಸೊಂಟಕ್ಕೂ ಬಗ್ಗಿ ಕುರ್ಚಿಯಾಯಿತು. ಆ ಪ್ಲೈವುಡ್ ಕುರ್ಚಿಯನ್ನು 1999ರಲ್ಲಿ ‘ಟೈಮ್’ ಪತ್ರಿಕೆ ಶತಮಾನದ ಅತ್ಯುತ್ತಮ ವಿನ್ಯಾಸವೆಂದು ಆರಿಸಿತು. ಆಫೀಸುಗಳಲ್ಲಿ, ಸಭಾಂಗಣಗಳಲ್ಲಿ ಕಾಣುವ ಚಿಪ್ಪಿನಾಕಾರದ ಪ್ಲಾಸ್ಟಿಕ್ ಕುರ್ಚಿಗಳ ವಂಶವೃಕ್ಷ ಹುಡುಕುತ್ತ ಹೋದರೂ ಕೊನೆಗೆ ಈಮ್ಸ್ ದಂಪತಿಯ ಕಾರ್ಯಾಗಾರದ ಬಾಗಿಲಿಗೇ ಬರಬೇಕಾಗುತ್ತದೆ.

ಇಷ್ಟು ಕೇಳಿದವರು ಅವರ ಮನೆ ಬೋಳುಬೋಳಾಗಿ, ಆಸ್ಪತ್ರೆಯ ವಾರ್ಡಿನಂತೆ ಇದ್ದಿರಬೇಕೆಂದು ಊಹಿಸಬಹುದು. ಆಧುನಿಕ ವಿನ್ಯಾಸ ಎಂದರೆ ಅಂದು ಹಾಗೇ ಇತ್ತಲ್ಲ! 1949ರಲ್ಲಿ ಪೆಸಿಫಿಕ್ ಪ್ಯಾಲಿಸೇಡ್ಸ್‌ನಲ್ಲಿ, ನೀಲಗಿರಿ ಮರಗಳ ಸಾಲಿನ ಹಿಂದೆ ಅವರು ಕಟ್ಟಿಕೊಂಡ ಮನೆ ಹೊರಗಿನಿಂದ ನಿಜಕ್ಕೂ ಎರಡು ಉಕ್ಕಿನ ಪೆಟ್ಟಿಗೆ. ಕಾರ್ಖಾನೆಯಲ್ಲಿ ತಯಾರಾದ ಸಿದ್ಧ ಭಾಗಗಳು, ಗಾಜು, ಅಲ್ಲಲ್ಲಿ ಕೆಂಪು-ನೀಲಿ ಹಲಗೆ. ಒಳಗೆ ಕಾಲಿಟ್ಟರೆ ಮಾತ್ರ ಜಾತ್ರೆ! ಗೊಂಬೆ, ಗಾಳಿಪಟ, ಬುಗುರಿ, ಬುಟ್ಟಿ, ಸಮುದ್ರದಂಡೆಯಿಂದ ಆರಿಸಿ ತಂದ ಕಲ್ಲು, ಚಿಪ್ಪು, ಮೆಕ್ಸಿಕೋದ ಮಣ್ಣಿನ ಆಟಿಕೆ, ಭಾರತದ ಬಟ್ಟೆ. ಮರುಭೂಮಿಯಲ್ಲಿ ಗಾಳಿಗೆ ಉರುಳಿಕೊಂಡು ಹೋಗುವ ಒಣಗಿದ ಗಿಡವೊಂದನ್ನು ಹೆಕ್ಕಿ ತಂದು ಚಾವಣಿಯಿಂದ ತೂಗುಬಿಟ್ಟಿದ್ದರು. ರೇ ಅವರ ಗುರು ಹ್ಯಾನ್ಸ್ ಹಾಫ್‌ಮನ್ ಅವರ ಚಿತ್ರವೂ ಗೋಡೆಯ ಮೇಲಿರಲಿಲ್ಲ. ನೆಲಕ್ಕೆ ಮುಖ ಮಾಡಿ ಚಾವಣಿಯ ಕೆಳಗೆ ಮಲಗಿತ್ತು. ಅಂಗಾತ ಮಲಗಿದವರಿಗೆ ಮಾತ್ರ ಚೆನ್ನಾಗಿ ಕಾಣುವ ಚಿತ್ರ!

ಇವು ಶ್ರೀಮಂತರ ಕಪಾಟಿನ ಪ್ರದರ್ಶನದ ಸಾಮಾನುಗಳಲ್ಲ ಎಂಬುದೇ ಇಲ್ಲಿಯ ವಿಶೇಷ. ಹತ್ತಿರ ಬಂದು ನೋಡಿದರೆ ಪ್ರತಿಯೊಂದರಲ್ಲೂ ಯಾರೋ ಒಬ್ಬ ಕುಶಲಕರ್ಮಿ ಒಂದು ಸಮಸ್ಯೆಯನ್ನು ಬಿಡಿಸಿದ್ದು ಕಾಣುತ್ತದೆ. ಗಾಳಿಪಟ ಹಾರಬೇಕು, ಬುಗುರಿ ನಿಲ್ಲಬೇಕು, ಬುಟ್ಟಿ ಭಾರ ತಾಳಬೇಕು. ಕುರ್ಚಿಯ ಕಷ್ಟವೂ ಅದೇ ತಾನೆ?

ಭಾರತದ ನಂಟು ಬೆಳೆದದ್ದು 1955ರಲ್ಲಿ. ಆ ವರ್ಷ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯದಲ್ಲಿ ಭಾರತದ ಜವಳಿ ಮತ್ತು ಅಲಂಕಾರ ಕಲೆಗಳ ದೊಡ್ಡ ಪ್ರದರ್ಶನ ನಡೆಯಿತು. ಅದನ್ನು ಅಣಿಗೊಳಿಸಿದವರು ಈಮ್ಸ್ ದಂಪತಿಯ ಗೆಳೆಯ ಅಲೆಕ್ಸಾಂಡರ್ ಜಿರಾರ್ಡ್. ಅವರು ಸಭಾಂಗಣದೊಳಗೆ ಕಾಲ್ಪನಿಕ ಸಂತೆಯೊಂದನ್ನೇ ಸೃಷ್ಟಿಸಿ, ನೀರಿನ ಕೊಳದ ಮೇಲೆ ಸೀರೆಗಳನ್ನು ಇಳಿಬಿಟ್ಟಿದ್ದರು. ಈ ಪ್ರದರ್ಶನವನ್ನು ಈಮ್ಸ್ ದಂಪತಿ ಚಲನಚಿತ್ರವಾಗಿಸಿದರು. ಅದೇ ಸಂದರ್ಭದಲ್ಲಿ ಅಲ್ಲಿ ಅಲಿ ಅಕ್ಬರ್ ಖಾನ್ ಸರೋದ್ ನುಡಿಸಿದರು, ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ ಮೊದಲ ಬಾರಿಗೆ ತೆರೆಕಂಡಿತು. ನಮ್ಮ ಮಂಗಳೂರಿನಲ್ಲಿ ಹುಟ್ಟಿ, ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಶಾಂತಾ ರಾವ್ ನರ್ತಿಸಿದ್ದೂ ಅಲ್ಲೇ. ಕರಕುಶಲ ಕಲೆಗಳ ಪುನರುಜ್ಜೀವನಕ್ಕೆ ದುಡಿದ ಪುಪುಲ್ ಜಯಕರ್ ಅವರಿಗೆ ಚಾರ್ಲ್ಸ್ ಪರಿಚಯವಾದದ್ದು ಈ ಪ್ರದರ್ಶನದ ಕಾಲದಲ್ಲಿ. ಎರಡು ವರ್ಷಗಳ ಬಳಿಕ ಫೋರ್ಡ್ ಪ್ರತಿಷ್ಠಾನದ ನೆರವಿನೊಂದಿಗೆ ಭಾರತ ಸರ್ಕಾರದ ಆಹ್ವಾನ ಹೋಯಿತು.

ಸರ್ಕಾರದ ಚಿಂತೆ ಸರಳವಾಗಿತ್ತು. ಸ್ವಾತಂತ್ರ್ಯ ಬಂದು ಹತ್ತು ವರ್ಷ. ಸಣ್ಣ ಕೈಗಾರಿಕೆಗಳು ಹೆಚ್ಚುತ್ತಿವೆ, ಅವು ತಯಾರಿಸುವ ಸಾಮಾನುಗಳ ಗುಣಮಟ್ಟ ಮಾತ್ರ ಇಳಿಯುತ್ತಿದೆ. ಇದಕ್ಕೇನು ಮಾಡಬೇಕು? ಬಹುಶಃ ಅಧಿಕಾರಿಗಳು ನಿರೀಕ್ಷಿಸಿದ್ದು ಅಂಕಿಅಂಶಗಳ ದಪ್ಪ ಕಡತವನ್ನು. ಬಂದದ್ದು ಭಗವದ್ಗೀತೆಯ ಮಾತಿನಿಂದ ಆರಂಭವಾಗಿ ಚೊಂಬಿನ ಬಗ್ಗೆ ಧ್ಯಾನಕ್ಕೆ ಕೂತ ವರದಿ!

ಚೊಂಬಿಗೆ ನೂರೆಂಟು ಪ್ರಶ್ನೆ

ಚೊಂಬು ಚೆನ್ನಾಗಿದೆ ಎಂದು ಹೊಗಳಿ ಮುಗಿಸಿದ್ದರೆ ಅದು ಪ್ರವಾಸಿಗರ ಮಾತಾಗುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಇದುವರೆಗೆ ಚೊಂಬೇ ಇಲ್ಲದ ಲೋಕದಲ್ಲಿ ಒಬ್ಬ ವಿನ್ಯಾಸಕ ಕುಳಿತು ಚೊಂಬನ್ನು ಹೊಸದಾಗಿ ಕಲ್ಪಿಸಬೇಕಾದರೆ ಏನೇನು ಯೋಚಿಸಬೇಕಾದೀತು ಎಂದು ಪಟ್ಟಿ ಮಾಡಿದರು. ಒಮ್ಮೆಗೆ ಎಷ್ಟು ನೀರು ತರಬೇಕು? ಎತ್ತುವ ಕೈ ಗಂಡಸಿನದೋ ಹೆಂಗಸಿನದೋ, ಎಷ್ಟು ದೊಡ್ಡದು? ತಲೆಯ ಮೇಲೋ, ಸೊಂಟದಲ್ಲೋ, ಗಾಡಿಯಲ್ಲೋ? ಖಾಲಿಯಿದ್ದಾಗ ತೂಕದ ಕೇಂದ್ರ ಎಲ್ಲಿ, ತುಂಬಿದಾಗ ಎಲ್ಲಿ, ಬಗ್ಗಿಸಿದಾಗ ಎಲ್ಲಿ? ತೊಳೆಯಲು ಕೈ ಒಳಗೆ ಹೋಗುತ್ತದೆಯೇ? ಬಿಸಿನೀರು ಹಾಕಿದರೆ ಹಿಡಿಯಲಾದೀತೇ? ಕಣ್ಣು ಮುಚ್ಚಿ ಮುಟ್ಟಿದರೆ ಹಿತವಾಗಿದೆಯೇ? ಕಲ್ಲಿನ ಮೇಲಿಟ್ಟಾಗ ಎಂಥ ಸದ್ದು ಬರುತ್ತದೆ, ತುಂಬಿದ್ದಾಗ ಬೇರೆಯೇ, ಖಾಲಿಯಿದ್ದಾಗ ಬೇರೆಯೇ? ಹಳತಾದ ಮೇಲೆ ಮಾರಿದರೆ ಎಷ್ಟು ಬಂದೀತು? ಕೊನೆಗೆ, ಅದನ್ನು ಸ್ವಂತವಾಗಿ ಇಟ್ಟುಕೊಂಡರೆ ಹೇಗನ್ನಿಸುತ್ತದೆ, ಇನ್ನೊಬ್ಬರಿಗೆ ಕೊಟ್ಟರೆ ಹೇಗನ್ನಿಸುತ್ತದೆ?

ನಮ್ಮ ಅಜ್ಜಿಯರು ಈ ಪ್ರಶ್ನೆಗಳನ್ನು ಕೇಳಿದ್ದರೆ ನಕ್ಕು, ಒಂದು ಚೊಂಬು ತಂದು ಎದುರಿಗಿಡುತ್ತಿದ್ದರು. ಉತ್ತರವೆಲ್ಲ ಅದರಲ್ಲೇ ಇದೆ. ಹೊಟ್ಟೆ ಗುಂಡಗಿರುವುದರಿಂದ ಕಡಿಮೆ ತಗಡಿನಲ್ಲಿ ಹೆಚ್ಚು ನೀರು ಹಿಡಿಯುತ್ತದೆ. ಒಳಗೆ ಮೂಲೆಯೇ ಇಲ್ಲದ್ದರಿಂದ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಕಿಲುಬು ನಿಲ್ಲಲು ಜಾಗವಿಲ್ಲ. ಕುತ್ತಿಗೆ ಸಣ್ಣಗಿರುವುದರಿಂದ ನಡೆಯುವಾಗ ನೀರು ತುಳುಕುವುದು ಕಡಿಮೆ. ಅದೇ ಕುತ್ತಿಗೆಗೆ ಹಗ್ಗದ ಕುಣಿಕೆ ಬಿಗಿದು ಬಾವಿಗೆ ಇಳಿಸಬಹುದು. ಹೊರಚಾಚಿದ ಅಂಚನ್ನು ಮೇಲಿನಿಂದ ಐದು ಬೆರಳಲ್ಲಿ ಹಿಡಿದರೆ ತುಂಬಿದ ಚೊಂಬು ಒಂದೇ ಕೈಯಲ್ಲಿ ಎದ್ದು ಬರುತ್ತದೆ. ಅದೇ ಅಂಚು ನೀರನ್ನು ಒಂದೇ ಧಾರೆಯಾಗಿ ಸುರಿಯುತ್ತದೆ, ಎತ್ತಿ ಕುಡಿಯುವವರಿಗೆ ತುಟಿ ತಾಗಿಸುವ ಅಗತ್ಯವಿಲ್ಲ. ಇದರ ಬಾಯಿಗೆ ಮಾವಿನೆಲೆ, ತೆಂಗಿನಕಾಯಿ ಇಟ್ಟರಂತೂ ಕಲಶವಾಗಿ ದೇವರೇ ಆಗಿಬಿಡುತ್ತದೆ. ಬಯಲಿಗೆ ಹೋಗುವಾಗ ಕೈಯಲ್ಲಿರುತ್ತಿದ್ದದ್ದೂ ಇದರ ಬಡ ಸೋದರನೇ ಎನ್ನುವುದನ್ನು ಈಮ್ಸ್ ದಂಪತಿ ಮರ್ಯಾದೆಗಾಗಿ ಬರೆಯಲಿಲ್ಲವೋ ಏನೋ!

ಯಾವೊಬ್ಬ ವ್ಯಕ್ತಿಯೂ ಚೊಂಬನ್ನು ರೂಪಿಸಿರಲಾರ, ತಲೆಮಾರುಗಳ ಮೇಲೆ ತಲೆಮಾರು ಕೂಡಿ ತಿದ್ದಿದ ರೂಪ ಇದು ಎಂಬುದು ಅವರ ತೀರ್ಮಾನ. ಆದರೆ ಕಾಲ ಈಗ ಅಷ್ಟು ನಿಧಾನವಾಗಿಲ್ಲ. ಸಂಪರ್ಕ ಸಾಧನಗಳು ಹಳ್ಳಿಯ ಬಾಗಿಲು ತಟ್ಟುತ್ತಿವೆ, ತಲೆಮಾರುಗಳ ಕಾಲ ಕಾಯಲು ಪುರುಸೊತ್ತಿಲ್ಲ. ಹಾಗಾಗಿ ನಮ್ಮ ಕಾಲದ ಚೊಂಬುಗಳು ಬೇಗ ಹುಟ್ಟುವಂತೆ ನೋಡಿಕೊಳ್ಳುವ ಸಂಸ್ಥೆಯೊಂದು ಬೇಕು ಎಂದು ಅವರು ಸೂಚಿಸಿದರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಹುಟ್ಟಿದ್ದು ಈ ವರದಿಯ ಬೆನ್ನಿಗೆ. ಅದನ್ನು ಕಟ್ಟಿ ಬೆಳೆಸಿದವರು ಗೌತಮ್ ಸಾರಾಭಾಯಿ ಮತ್ತು ಗಿರಾ ಸಾರಾಭಾಯಿ. ಅದರ ಒಂದು ಶಾಖೆ ಇಂದು ಬೆಂಗಳೂರಿನಲ್ಲೂ ಇದೆ. ತುಮಕೂರು ರಸ್ತೆಯ ಪಕ್ಕದ ಎಚ್‌ಎಂಟಿ ಲಿಂಕ್ ರಸ್ತೆಯಲ್ಲಿ!

ಕೇಳದೇ ಉಳಿದ ಪ್ರಶ್ನೆ

ವರದಿಯ ಈ ಭಾಗ ವಿನ್ಯಾಸ ಕಲಿಯುವ ಹುಡುಗರಿಗೆ ಇಂದಿಗೂ ಮಂತ್ರದಂತೆ. ಮಂತ್ರವನ್ನು ಪ್ರಶ್ನಿಸಬಾರದೆಂದೇನೂ ಇಲ್ಲ. ಅಷ್ಟುದ್ದದ ಪಟ್ಟಿಯಲ್ಲಿ ಒಂದು ಪ್ರಶ್ನೆ ಕಾಣೆಯಾಗಿದೆ. ಈ ಚೊಂಬನ್ನು ಯಾರು ಮುಟ್ಟಬಹುದು, ಯಾರು ಮುಟ್ಟಬಾರದು?

ಮೇಲಿನಿಂದ ಧಾರೆಯಾಗಿ ಸುರಿಯಲು ಅನುಕೂಲವಾದ ಅದೇ ಅಂಚು, ಕೆಳಗೆ ಬೊಗಸೆಯೊಡ್ಡಿ ಕುಕ್ಕರುಗಾಲಲ್ಲಿ ಕುಳಿತವನಿಗೆ ಮುಟ್ಟದೆ ನೀರು ಹೊಯ್ಯಲೂ ಒದಗಿತು. ಬಾವಿಕಟ್ಟೆಯ ಬಳಿ ನಿಂತ ಹೆಂಗಸಿನ ಸೊಂಟದ ಬಾಗಿಗೆ ಕೊಡದ ಬಾಗು ಹೊಂದುವ ಚೆಲುವನ್ನು ಕಂಡ ಕಣ್ಣಿಗೆ, ಅದೇ ಬಾವಿಯಿಂದ ಮಾರು ದೂರದಲ್ಲಿ ಖಾಲಿ ಮಡಕೆ ಹಿಡಿದು, ಯಾರಾದರೂ ಸೇದಿ ಹಾಕಿಯಾರೆಂದು ಕಾಯುತ್ತಿದ್ದವರು ಕಾಣಲಿಲ್ಲ. ಈಮ್ಸ್ ದಂಪತಿ ಬರುವುದಕ್ಕೆ 30 ವರ್ಷ ಮೊದಲೇ, 1927ರ ಮಾರ್ಚ್ 20ರಂದು ಮಹಾಡದ ಚೌದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದು ಅಂಬೇಡ್ಕರ್ ಅವರು ಈ ದೇಶಕ್ಕೆ ನೀರಿನ ನಿಜವಾದ ಪ್ರಶ್ನೆ ಹಾಕಿದ್ದರು. ಚೊಂಬಿನ ಸೊಬಗು ಇದರಿಂದ ಸುಳ್ಳಾಗುವುದಿಲ್ಲ. ಆದರೆ ತಲೆಮಾರುಗಳು ತಿದ್ದಿ ತೀಡಿದ್ದು ಪಾತ್ರೆಯ ಆಕಾರವೊಂದನ್ನೇ ಅಲ್ಲ, ಅದರ ಸುತ್ತಲಿನ ಗೆರೆಯನ್ನೂ. ಮೂರು ತಿಂಗಳ ಅತಿಥಿಗಳಿಗೆ ಆ ಗೆರೆ ತೋರದಿದ್ದರೆ, ತೋರಿಸದೆ ಇದ್ದವರ ಪಾಲೂ ಅದರಲ್ಲಿದೆ.

ಹಾಗಾದರೆ ನಮ್ಮ ಕಾಲದ ಚೊಂಬು ಯಾವುದು? ವಿನ್ಯಾಸ ಶಾಲೆಗಳು ಏನೇ ಹೇಳಲಿ, ನನ್ನ ಮತ ಪ್ಲಾಸ್ಟಿಕ್ ಕೊಡಕ್ಕೆ. ನಗಬೇಡಿ. ಬೀದಿ ನಲ್ಲಿಯ ಮುಂದೆ, ಟ್ಯಾಂಕರ್ ಬರುವ ಹಾದಿಯಲ್ಲಿ ಹಸಿರು, ಕೆಂಪು, ನೀಲಿ, ಹಳದಿಯಾಗಿ ಸಾಲುಗಟ್ಟಿ ನಿಂತಿರುತ್ತದಲ್ಲ, ಅದೇ. ತಾಮ್ರದ ಬಿಂದಿಗೆಯ ಹೊಟ್ಟೆ, ಕುತ್ತಿಗೆ, ಅಂಚು ಎಲ್ಲವನ್ನೂ ಹಾಗೆಯೇ ಉಳಿಸಿಕೊಂಡು ತೂಕವನ್ನು ಮಾತ್ರ ಇಳಿಸಿದ ವಸ್ತು ಅದು. ಹದಿನೈದು ಲೀಟರ್ ನೀರು ಎಂದರೆ ಹದಿನೈದು ಕಿಲೋ. ಅದರ ಮೇಲೆ ಹಿತ್ತಾಳೆಯ ಭಾರವನ್ನೂ ಹೊತ್ತು ಮೈಲಿಗಟ್ಟಲೆ ನಡೆದವರ ಕುತ್ತಿಗೆಯನ್ನು ಕೇಳಬೇಕು, ಪ್ಲಾಸ್ಟಿಕ್ ಬಂದದ್ದು ಒಳ್ಳೆಯದೋ ಕೆಟ್ಟದ್ದೋ ಎಂದು. ಈಗ ಮನೆಯ ಹತ್ತು ವರ್ಷದ ಹುಡುಗಿಯೂ ಒಂದನ್ನು ಎತ್ತಬಲ್ಲಳು. ಎತ್ತುವ ಕೆಲಸ ಅವಳ ಪಾಲಿಗೆ ಬಂದದ್ದೂ ಹಾಗೆಯೇ ಎನ್ನುವುದು ಇನ್ನೊಂದು ಕಥೆ. ಬಿದ್ದರೆ ನೆಗ್ಗುವುದಿಲ್ಲ, ಕಲಾಯಿ ಬೇಡ, ಸರದಿಯಲ್ಲಿ ನನ್ನದು ಕೆಂಪು, ನಿನ್ನದು ನೀಲಿ ಎಂದು ದೂರದಿಂದಲೇ ಗುರುತು ಹಿಡಿಯಬಹುದು. ಈ ಬಣ್ಣದ ಉಪಕಾರ ತಾಮ್ರದಲ್ಲಿರಲಿಲ್ಲ.

ಆದರೆ ಈಮ್ಸ್ ಪಟ್ಟಿ ಹಿಡಿದು ಕುಳಿತರೆ ಅದಕ್ಕೆ ಪೂರ್ತಿ ಅಂಕ ಸಿಗುವುದಿಲ್ಲ. ಕಲ್ಲಿನ ಮೇಲಿಟ್ಟರೆ ಸದ್ದು ಡೊಬ್ಬೆನ್ನುತ್ತದೆ. ವರ್ಷ ಕಳೆದಂತೆ ಒಳಮೈ ಗೀರಾಗಿ ಪಾಚಿ ಹಿಡಿಯುತ್ತದೆ. ಬಿಸಿನೀರಿಗೆ ಆಗದು. ಮದುವೆಯಲ್ಲಿ ಮಗಳಿಗೆ ಉಡುಗೊರೆಯಾಗಿ ಯಾರೂ ಕೊಡರು. ತಾಮ್ರದ ಬಿಂದಿಗೆಯನ್ನು ಕಷ್ಟಕಾಲದಲ್ಲಿ ಒತ್ತೆಯಿಟ್ಟು ಅಕ್ಕಿ ತಂದ ತಾಯಂದಿರಿದ್ದಾರೆ. ಒಡೆದ ಪ್ಲಾಸ್ಟಿಕ್ ಕೊಡವನ್ನು ಗುಜರಿಯವನು ಮುಖ ಸಿಂಡರಿಸಿಕೊಂಡೇ ತೂಕಕ್ಕೆ ಹಾಕುತ್ತಾನೆ.

ಬುಗುರಿ ಮತ್ತು ಬಾಳೆ ಎಲೆ

ಈಮ್ಸ್ ದಂಪತಿಯ ಮೆಚ್ಚಿನ ಇನ್ನೊಂದು ವಸ್ತು ಬುಗುರಿ. 1969ರಲ್ಲಿ ಅವರು ಬುಗುರಿಗಳ ಬಗ್ಗೆ ಏಳು ನಿಮಿಷದ ಚಿತ್ರವೊಂದನ್ನು ತೆಗೆದರು. ಒಂದೂ ಮಾತಿಲ್ಲ, ಎಲ್ಮರ್ ಬರ್ನ್‌ಸ್ಟೀನ್ ಅವರ ಸಂಗೀತ ಮಾತ್ರ. ಭಾರತವೂ ಸೇರಿ ಬೇರೆ ಬೇರೆ ದೇಶಗಳ ನೂರಕ್ಕೂ ಹೆಚ್ಚು ಬುಗುರಿಗಳು ಅದರ ಪಾತ್ರಧಾರಿಗಳು. ದಾರ ಸುತ್ತುವ ಕೈ, ಬೀಸಿ ಎಸೆದ ಕ್ಷಣ, ನಿದ್ದೆ ಹೋದಂತೆ ನಿಂತು ಸುತ್ತುವ ಸ್ಥಿತಿ, ಕೊನೆಗೆ ತೂರಾಡಿ ಉರುಳುವುದು, ಇಷ್ಟೇ ಕಥೆ. ಚನ್ನಪಟ್ಟಣದಲ್ಲಿ ಆಲೆ ಮರದ ತುಂಡನ್ನು ಕಡಚಲು ಯಂತ್ರಕ್ಕೆ ಸಿಕ್ಕಿಸಿ, ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ ಬಣ್ಣ ಕೂಡಿಸಿ, ತಾಳೆಗರಿಯಿಂದ ಉಜ್ಜಿ ಹೊಳಪು ಬರಿಸುವುದನ್ನು ನೋಡಿದವರಿಗೆ ಈ ಚಿತ್ರದ ರುಚಿ ಇನ್ನಷ್ಟು ಹತ್ತುತ್ತದೆ. ಬುಗುರಿ ಹುಟ್ಟುವುದೂ ತಿರುಗುತ್ತಲೇ, ಬಾಳುವುದೂ ತಿರುಗುತ್ತಲೇ.

ಬಾಳೆ ಎಲೆಯ ವಿಷಯಕ್ಕೆ ಬರೋಣ. 1970-71ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಪ್ರತಿಷ್ಠಿತ ನಾರ್ಟನ್ ಉಪನ್ಯಾಸಗಳನ್ನು ಕೊಟ್ಟರು. ಅಲ್ಲಿ ಅವರು ದಕ್ಷಿಣ ಭಾರತದ ಊಟದ ಎಲೆಯನ್ನು ದೃಷ್ಟಾಂತವಾಗಿ ತಂದರು. ಅದರ ಸಾರಾಂಶ ಹೀಗೆ. ತೀರ ಬಡವ ಬಾಳೆ ಎಲೆಯಲ್ಲಿ ಉಣ್ಣುತ್ತಾನೆ. ಸ್ವಲ್ಪ ಉಳ್ಳವ ಮಣ್ಣಿನ ತಟ್ಟೆಗೆ ಏರುತ್ತಾನೆ, ಆಮೇಲೆ ಹಿತ್ತಾಳೆ, ಕಂಚು, ಬೆಳ್ಳಿ ಹೀಗೆ ಮೆಟ್ಟಿಲು. ಎಲ್ಲಕ್ಕಿಂತ ಮೇಲೆ, ಹಣವಷ್ಟೇ ಅಲ್ಲದೆ ತಿಳಿವೂ ಇರುವವನು ಮರಳಿ ಬಾಳೆ ಎಲೆಯಲ್ಲೇ ಉಣ್ಣುತ್ತಾನೆ. ಎಲೆ ಅದೇ, ಆದರೆ ಅದರ ಮುಂದೆ ಕೂತ ಮನುಷ್ಯ ಅದೇ ಅಲ್ಲ ಎನ್ನುವುದು ಅವರ ಅಭಿಪ್ರಾಯ.

ಕೇಳಲು ಸೊಗಸಾಗಿದೆ. ಆದರೆ ಪಂಕ್ತಿಯಲ್ಲಿ ಕೂತು ಉಂಡವರು ಈ ಏಣಿಯನ್ನು ಅಷ್ಟು ಸುಲಭವಾಗಿ ಒಪ್ಪಲಾರರು. ನಮ್ಮಲ್ಲಿ ಬಾಳೆ ಎಲೆ ಬಡತನದ ಮೊದಲ ಮೆಟ್ಟಿಲೂ ಅಲ್ಲ, ತಿಳಿವಿನ ಕೊನೆಯ ಮೆಟ್ಟಿಲೂ ಅಲ್ಲ. ಬೆಳ್ಳಿ ತಟ್ಟೆಯಿದ್ದ ಮನೆಯಲ್ಲೂ ಹಬ್ಬದ ದಿನ ಎಲೆಯೇ ಬೀಳುತ್ತಿತ್ತು. ಹಿಂದೆ ಯಾರೂ ಉಂಡಿರದ, ಮುಂದೆ ಯಾರೂ ಉಣ್ಣದ ತಟ್ಟೆ ಅದೊಂದೇ ಆದ್ದರಿಂದ ಮಡಿಗೆ ಎಲೆಯೇ ಆಗಬೇಕು. ಬಾಳೆ ಬೆಳೆಯದ ಬಯಲುಸೀಮೆಯಲ್ಲಿ ಮುತ್ತುಗದ ಎಲೆಯನ್ನು ಕಡ್ಡಿಯಿಂದ ಹಚ್ಚಿ ಹೊಲಿದರು. ತುದಿ ಎಡಕ್ಕೆ ಬರಬೇಕು, ಉಪ್ಪು ಎಲ್ಲಿ, ಉಪ್ಪಿನಕಾಯಿ ಎಲ್ಲಿ, ಪಲ್ಯ ಎಲ್ಲಿ, ಅನ್ನ ಎಲ್ಲಿ ಎಂದು ಎಲೆಯ ಮೇಲೆ ನಕ್ಷೆಯನ್ನೇ ಬರೆದರು. ಹರಿದು ಬರುವ ಸಾರನ್ನು ಅನ್ನದ ಕಟ್ಟೆ ಕಟ್ಟಿ ನಿಲ್ಲಿಸುವ ಕಲೆಯನ್ನು ಯಾವ ವಿನ್ಯಾಸ ಶಾಲೆಯೂ ಹೇಳಿಕೊಟ್ಟದ್ದಲ್ಲ! ಚಾರ್ಲ್ಸ್ ಅವರ ದೃಷ್ಟಾಂತಕ್ಕೆ ಬೇಕಾಗಿದ್ದದ್ದು ಏಣಿ. ನಮ್ಮಲ್ಲಿದ್ದದ್ದು ಪಂಕ್ತಿ. ಅದರಲ್ಲಿ ಯಾರು ಎಲ್ಲಿ ಕೂರಬೇಕು, ಯಾರು ಎದ್ದ ಮೇಲೆ ಯಾರು ಎಂಬ ಜಗಳ ಬೇರೆ.

ಚಾರ್ಲ್ಸ್ 1978ರ ಆಗಸ್ಟ್ 21ರಂದು ತೀರಿಕೊಂಡರು. ಸರಿಯಾಗಿ ಹತ್ತು ವರ್ಷದ ಬಳಿಕ, 1988ರ ಅದೇ ಆಗಸ್ಟ್ 21ರಂದು ರೇ ತೀರಿಕೊಂಡರು. ಅವರ ಮನೆಯನ್ನು ಗೊಂಬೆ, ಬುಟ್ಟಿ, ಕಲ್ಲುಗಳ ಸಮೇತ ಕಾಪಾಡಿಕೊಂಡು ಬರಲಾಗಿದೆ. 2025ರ ಜನವರಿಯಲ್ಲಿ ಪ್ಯಾಲಿಸೇಡ್ಸ್ ಪ್ರದೇಶವನ್ನು ಸುಟ್ಟ ಕಾಳ್ಗಿಚ್ಚು ಮನೆಯ ಸಮೀಪದವರೆಗೂ ಬಂದು ಹೊಗೆ ಮೆತ್ತಿ ಹೋಯಿತು. ಮನೆ ಉಳಿಯಿತು.

ಇತ್ತ ನಮ್ಮ ಕಲ್ಯಾಣಮಂಟಪಗಳಲ್ಲಿ ಬಾಳೆ ಎಲೆಯ ಏಣಿಗೆ ಹೊಸದೊಂದು ಮೆಟ್ಟಿಲು ಸೇರಿದೆ. ಉದ್ದನೆಯ ಕಾಗದದ ತಟ್ಟೆ, ಅದರ ಮೇಲೆ ಬಾಳೆ ಎಲೆಯ ಚಿತ್ರ. ಹಸಿರು ಸರಿಯಾಗಿದೆ, ನಡುವಿನ ದಿಂಡು ಇದೆ, ಅಕ್ಕಪಕ್ಕದ ಸಣ್ಣ ಗೆರೆಗಳೂ ಇವೆ. ಮೇಲೆ ನೀರು ಇಳಿಯದಂತೆ ತೆಳು ಪ್ಲಾಸ್ಟಿಕ್ ಲೇಪ. ಬಡಿಸುವವರು ತುದಿ ಎಡಕ್ಕೆ ಬರುವಂತೆಯೇ ಹಾಕಿಕೊಂಡು ಹೋಗುತ್ತಾರೆ, ಕೆಲವರು ರೂಢಿಯಂತೆ ನೀರು ಚಿಮುಕಿಸಿ ಒರೆಸುವುದೂ ಉಂಟು. ಊಟ ಮುಗಿದು ಎಂಜಲೆಲೆಗಳನ್ನು ಹಿಂದಿನ ಗಲ್ಲಿಗೆ ಎಸೆದ ಮೇಲೆ ಹಸು ಬರುತ್ತದೆ. ಮೂಸಿ ನೋಡಿ, ಅಂಟಿದ ಅನ್ನವನ್ನಷ್ಟು ನೆಕ್ಕಿ, ಎಲೆಯನ್ನು ಅಲ್ಲೇ ಬಿಟ್ಟು ಮುಂದಕ್ಕೆ ಹೋಗುತ್ತದೆ.